ಕ್ಲೌಡ್ ಸರ್ವರ್‌ಗೆ ಗ್ರಾಫಿಕ್ಸ್ ಡ್ರೈವರ್ ಕೈಯಾರೆ ಹಾಕುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆಯ ಎಲೆಚುಕ್ಕಿ ರೋಗವನ್ನು ಫೋಟೋ ನೋಡಿ ಗುರುತಿಸುವ ಪ್ರಾಜೆಕ್ಟ್ ಹಿಡಿದಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್‌ನಿಂದ ಅಕ್ಷರ ತೆಗೆಯುವವರು, ಮದುವೆ ವಿಡಿಯೋ ರೆಂಡರ್ ಮಾಡುವ ಸ್ಟುಡಿಯೋದವರು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಇರುವ ಸರ್ವರ್ ಬಾಡಿಗೆಗೆ ಹಿಡಿಯುವವರಲ್ಲಿ ಇಂಥವರಿದ್ದಾರೆ. ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಮಾತ್ರ ಒಂದೇ. ಸರ್ವರ್ ಬಂತು, ಕಾರ್ಡ್ ಇದೆ, ಆದರೆ ಪ್ರೋಗ್ರಾಂಗೆ ಕಾರ್ಡ್ ಕಾಣುತ್ತಿಲ್ಲ.

ಇಲ್ಲಿರುವುದು ಎನ್‌ವಿಡಿಯಾ ಕಾರ್ಡ್ ಮತ್ತು ಉಬುಂಟು (ಲಿನಕ್ಸ್‌ನ ಒಂದು ಬಗೆ) ಸರ್ವರ್‌ಗೆ ಸಂಬಂಧಿಸಿದ ಉತ್ತರಗಳು. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಮಾಡಿ, ಅಡ್ಡಗೆರೆ ಎಲ್ಲಿದೆಯೋ ಅಲ್ಲಿ ಹಾಗೇ ಹಾಕಿ.

ಮನೆಯಲ್ಲೇ ಒಂದು ಕಾರ್ಡ್ ಇಟ್ಟುಕೊಂಡರೆ ಆಗಲ್ವಾ? ಕ್ಲೌಡ್ ಯಾಕೆ?

ದಿನಾ ಕೆಲಸ ಇದ್ದರೆ ಸ್ವಂತ ಕಾರ್ಡ್ ಒಳ್ಳೆಯದೇ. ಆದರೆ ಮಾಡೆಲ್ ತರಬೇತಿ ಅಂದರೆ ಯಂತ್ರ ಗಂಟೆಗಟ್ಟಲೆ ನಿಲ್ಲದೆ ಓಡಬೇಕು. ಜೂನ್, ಜುಲೈನಲ್ಲಿ ಹೊಸನಗರ ಅಥವಾ ಆಗುಂಬೆ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಬಾಡಿಗೆ ಸರ್ವರ್‌ಗೆ ಆ ಚಿಂತೆ ಇಲ್ಲ. ಅಮೆಜಾನ್‌ನ ಡೇಟಾ ಸೆಂಟರ್‌ಗಳು ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಇವೆ. ಗೂಗಲ್ 2017ರಲ್ಲಿ ಮುಂಬೈಗೆ ಬಂತು. ಇಲ್ಲಿ ಕರೆಂಟ್ ಹೋದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಎಲ್ಲ ಊರಿನ ಸೆಂಟರ್‌ನಲ್ಲೂ ಎಲ್ಲ ಕಾರ್ಡ್ ಸಿಗುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ.

ಡ್ರೈವರ್ ಮೊದಲೇ ಹಾಕಿರುವ ಇಮೇಜ್ (ಸಿದ್ಧ ಮಾಡಿಟ್ಟ ಡಿಸ್ಕಿನ ಪ್ರತಿ) ಸಿಗುತ್ತದಲ್ಲ. ಕೈಯಾರೆ ಹಾಕುವ ಕಷ್ಟ ಯಾಕೆ?

ಸಿಗುತ್ತದೆ. ಅಮೆಜಾನ್‌ನಲ್ಲಿ ಡೀಪ್ ಲರ್ನಿಂಗ್ ಇಮೇಜ್ ಇದೆ. ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ಡ್ರೈವರ್ ಹಾಕಲೆಂದೇ ಒಂದು ಎಕ್ಸ್‌ಟೆನ್ಷನ್ ಇದೆ. ನಾಳಿದ್ದು ಪ್ರಾಜೆಕ್ಟ್ ತೋರಿಸಬೇಕು, ಇವತ್ತು ಸರ್ವರ್ ತಗೊಂಡಿದ್ದೀರಿ ಅಂದರೆ ಅದನ್ನೇ ಬಳಸಿ. ಸುಮ್ನೆ ಹಟ ಬೇಡ.

ಆದರೆ ಸಣ್ಣ ಪೂರೈಕೆದಾರರು ಎಷ್ಟೋ ಸಲ ಬರೀ ಉಬುಂಟು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಿಮ್ಮ ಸಾಫ್ಟ್‌ವೇರ್‌ಗೆ ಒಂದು ನಿರ್ದಿಷ್ಟ ವರ್ಷನ್ನೇ ಬೇಕಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಿದ್ಧ ಇಮೇಜ್ ಕೂಡ ಒಂದು ಅಪ್‌ಡೇಟ್ ಆದ ಮೇಲೆ ಕೆಡಬಹುದು. ಒಳಗೆ ಏನಿದೆ ಅಂತ ಗೊತ್ತಿಲ್ಲದವರು ಆಗ ಸರ್ವರ್ ಅಳಿಸಿ ಹೊಸದು ಮಾಡುತ್ತಾರೆ. ಗೊತ್ತಿರುವವರು ಹತ್ತು ನಿಮಿಷದಲ್ಲಿ ಸರಿ ಮಾಡುತ್ತಾರೆ. ಅದಕ್ಕೇ ಒಮ್ಮೆಯಾದರೂ ಕೈಯಾರೆ ಹಾಕಿ ನೋಡಬೇಕು ಅನ್ನುವುದು ನನ್ನ ಮಾತು.

ಡ್ರೈವರ್, ಕುಡಾ, ಪೈಟಾರ್ಚ್ ಎಲ್ಲ ಒಂದೇನಾ?

ಅಲ್ಲ. ಈ ಗೊಂದಲ ಬಿಟ್ಟರೆ ಮುಂದಿನ ಅರ್ಧ ತೊಂದರೆ ಹೋಗುತ್ತದೆ.

ಎಲ್ಲಕ್ಕಿಂತ ಕೆಳಗೆ ಕರ್ನಲ್ ಮಾಡ್ಯೂಲ್ ಇದೆ. ಇದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಕೂತು ಕಾರ್ಡ್ ಜೊತೆ ನೇರವಾಗಿ ಮಾತಾಡುತ್ತದೆ. ಅದರ ಮೇಲೆ ಡ್ರೈವರ್‌ನ ಲೈಬ್ರರಿಗಳು. ಪ್ರೋಗ್ರಾಂಗಳು ಇವುಗಳ ಮೂಲಕ ಮಾಡ್ಯೂಲ್‌ಗೆ ಕೆಲಸ ಹೇಳುತ್ತವೆ. ಈ ಎರಡೂ ಸೇರಿದರೆ ಡ್ರೈವರ್. ಎರಡರ ವರ್ಷನ್ ಕೊನೆಯ ಅಂಕಿಯವರೆಗೂ ಒಂದೇ ಇರಬೇಕು.

ಕುಡಾ ಟೂಲ್‌ಕಿಟ್ ಬೇರೆ. ಅದು ಜಿಪಿಯುಗೆ ಪ್ರೋಗ್ರಾಂ ಬರೆದು ಕಂಪೈಲ್ ಮಾಡುವವರ ಸಾಮಾನು. ಹಲವು ಜಿಬಿ ಜಾಗ ತಿನ್ನುತ್ತದೆ. ಪೈಟಾರ್ಚ್ ಎನ್ನುವುದು ಮಾಡೆಲ್ ತರಬೇತಿಗೆ ಬಳಸುವ ಪೈಥಾನ್ ಲೈಬ್ರರಿ. ಅದನ್ನು ಪೈಥಾನ್‌ನ ಪಿಪ್ ಮೂಲಕ ಹಾಕಿದರೆ ತನಗೆ ಬೇಕಾದ ಕುಡಾ ಭಾಗಗಳನ್ನು ಅದೇ ತರುತ್ತದೆ. ಅಂದರೆ ಮಾಡೆಲ್ ತರಬೇತಿ ಮಾತ್ರ ಮಾಡುವವರಿಗೆ ಡ್ರೈವರ್ ಒಂದಿದ್ದರೆ ಸಾಕು. ಟೂಲ್‌ಕಿಟ್ ಹಾಕಲು ಹೋಗಿ ಡಿಸ್ಕ್ ತುಂಬಿಸಿಕೊಳ್ಳುವುದು ಬೇಡ.

ಶುರು ಮಾಡುವ ಮೊದಲು ಏನೇನು ನೋಡಬೇಕು?

ಖಾತೆ ಹೊಸದಾದರೆ ಜಿಪಿಯು ಕೋಟಾ (ಎಷ್ಟು ಜಿಪಿಯು ಬಳಸಬಹುದು ಅನ್ನುವ ಮಿತಿ) ಇದೆಯಾ ನೋಡಿ. ದೊಡ್ಡ ಕ್ಲೌಡ್‌ಗಳಲ್ಲಿ ಹೊಸ ಖಾತೆಗೆ ಅದು ಸಾಮಾನ್ಯವಾಗಿ ಸೊನ್ನೆ ಇರುತ್ತದೆ. ಅರ್ಜಿ ಹಾಕಿ ಕಾಯಬೇಕು. ಪ್ರಾಜೆಕ್ಟ್ ಕೊನೆಯ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

ಸರ್ವರ್ ಒಳಗೆ ಹೋದ ಮೇಲೆ ‘ಎಲ್‌ಎಸ್‌ಪಿಸಿಐ’ ಕೊಡಿ. ಪಟ್ಟಿಯಲ್ಲಿ ಎನ್‌ವಿಡಿಯಾ ಹೆಸರು ಬರಬೇಕು. ಬರಲಿಲ್ಲ ಅಂದರೆ ಕಾರ್ಡ್ ಇಲ್ಲದ ಸರ್ವರ್ ತಗೊಂಡಿದ್ದೀರಿ, ಡ್ರೈವರ್ ಹಾಕಿ ಪ್ರಯೋಜನ ಇಲ್ಲ. ಆಮೇಲೆ ‘ಯುನೇಮ್ -ಆರ್’. ಇದು ಕರ್ನಲ್ ವರ್ಷನ್ ಹೇಳುತ್ತದೆ. ಅಮೆಜಾನ್‌ನ ಉಬುಂಟುವಿನಲ್ಲಿ ಕೊನೆಗೆ ‘ಎಡಬ್ಲ್ಯುಎಸ್’ ಅಂತ, ಅಜೂರ್‌ನಲ್ಲಿ ‘ಅಜೂರ್’ ಅಂತ ಇರುತ್ತದೆ. ಈ ಬಾಲವನ್ನು ಬರೆದಿಟ್ಟುಕೊಳ್ಳಿ, ಕರ್ನಲ್‌ನ ಹೆಡರ್ ಫೈಲ್‌ಗಳನ್ನು ಹಾಕುವಾಗ ಬೇಕು.

‘ಡಿಎಫ್ -ಎಚ್’ ಕೊಟ್ಟು ಡಿಸ್ಕ್ ಜಾಗ ನೋಡಿ. ತಾನಾಗಿ ಬರುವ 8 ಅಥವಾ 10 ಜಿಬಿ ಡಿಸ್ಕ್ ಈ ಕೆಲಸಕ್ಕೆ ಸಾಲದು. ಸರ್ವರ್ ಮಾಡುವಾಗಲೇ 50 ಜಿಬಿ ಇಟ್ಟುಕೊಳ್ಳಿ.

ಅಷ್ಟೊಂದು ವರ್ಷನ್ ಇವೆ. ಯಾವುದು ಹಾಕಲಿ?

ಮೊದಲು ಕಾರ್ಡ್ ಯಾವ ತಲೆಮಾರಿನದ್ದು ಅಂತ ನೋಡಿ. ಬಾಡಿಗೆಗೆ ಸಾಮಾನ್ಯವಾಗಿ ಸಿಗುವ ಟಿ4 2018ರದ್ದು, ಟ್ಯೂರಿಂಗ್ ತಲೆಮಾರು, 16 ಜಿಬಿ ಮೆಮೊರಿ. ಎಲ್4 ಹೊಸದು, 24 ಜಿಬಿ. ವಿ100 ಹಳೆಯದು, 2017ರ ವೋಲ್ಟಾ ತಲೆಮಾರು.

2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ನ ಮೂಲ ಕೋಡ್ ಬಿಡುಗಡೆ ಮಾಡಿತು. ಅಂದಿನಿಂದ ಮಾಡ್ಯೂಲ್‌ನಲ್ಲಿ ಎರಡು ಬಗೆ, ಓಪನ್ ಮತ್ತು ಹಳೆಯ ಮುಚ್ಚಿದ ಬಗೆ. ಓಪನ್ ಬಗೆ ಟ್ಯೂರಿಂಗ್ ಮತ್ತು ಅದಕ್ಕಿಂತ ಹೊಸ ಕಾರ್ಡ್‌ಗಳಿಗೆ ಮಾತ್ರ. ವಿ100ಗೆ ಓಪನ್ ಮಾಡ್ಯೂಲ್ ಹಾಕಿದರೆ ಕಾರ್ಡ್ ಎದ್ದೇಳುವುದಿಲ್ಲ. ಬ್ಲ್ಯಾಕ್‌ವೆಲ್ ತಲೆಮಾರಿಗೆ ಓಪನ್ ಬಗೆಯೇ ಆಗಬೇಕು. 560ರ ಸರಣಿಯಿಂದ ಎನ್‌ವಿಡಿಯಾದ ಇನ್‌ಸ್ಟಾಲರ್ ಹೊಸ ಕಾರ್ಡ್‌ಗಳಿಗೆ ಓಪನ್ ಬಗೆಯನ್ನೇ ಮೊದಲು ಆರಿಸುತ್ತದೆ. ಇನ್ನೊಂದು ವಿಷಯ. ವೋಲ್ಟಾ ಮತ್ತು ಅದಕ್ಕಿಂತ ಹಳೆಯ ಕಾರ್ಡ್‌ಗಳಿಗೆ 580ರ ಸರಣಿಯೇ ಕೊನೆ. ಅಗ್ಗ ಅಂತ ವಿ100 ಹಿಡಿದವರು ಅದಕ್ಕಿಂತ ಮೇಲೆ ಹೋಗಬೇಡಿ.

ಆಮೇಲೆ ನಿಮ್ಮ ಸಾಫ್ಟ್‌ವೇರ್ ಯಾವ ಕುಡಾ ಕೇಳುತ್ತದೆ ನೋಡಿ. ಕುಡಾ 12ಕ್ಕೆ ಕನಿಷ್ಠ 525ರ ಸರಣಿ, ಕುಡಾ 13ಕ್ಕೆ ಕನಿಷ್ಠ 580. ಹೊಸ ಡ್ರೈವರ್ ಹಳೆಯ ಕುಡಾವನ್ನು ಓಡಿಸುತ್ತದೆ. ಹಳೆಯ ಡ್ರೈವರ್ ಮೇಲೆ ಹೊಸ ಕುಡಾ ನಂಬುವಂತಿಲ್ಲ. ಉಬುಂಟುವಿನ ಪಟ್ಟಿಯಲ್ಲಿ ಹೆಸರಿನ ಕೊನೆಗೆ ‘ಸರ್ವರ್’ ಅಂತ ಇರುವುದನ್ನು ಆರಿಸಿ. ಅದನ್ನು ಡೇಟಾ ಸೆಂಟರ್ ಕೆಲಸಕ್ಕೆಂದೇ ಹೆಚ್ಚು ಕಾಲ ನೋಡಿಕೊಳ್ಳುತ್ತಾರೆ.

ಎಪಿಟಿ ಮೂಲಕ ಹಾಕುವುದಾ, ಇಲ್ಲ ‘ರನ್’ ಫೈಲ್ ಇಳಿಸಿಕೊಳ್ಳುವುದಾ?

ಎಪಿಟಿ. ಅದು ಪ್ಯಾಕೇಜ್ ಹಾಕಲು ಉಬುಂಟುವಿನಲ್ಲೇ ಇರುವ ಸಾಧನ. ಬೇರೆ ಕಾರಣ ಇಲ್ಲದಿದ್ದರೆ ಯಾವಾಗಲೂ ಎಪಿಟಿ.

‘ಉಬುಂಟು-ಡ್ರೈವರ್ಸ್ ಲಿಸ್ಟ್ --ಜಿಪಿಜಿಪಿಯು’ ಕೊಟ್ಟರೆ ನಿಮ್ಮ ಕಾರ್ಡ್‌ಗೆ ಹೊಂದುವ ಸರಣಿಗಳು ಕಾಣುತ್ತವೆ. ಅದೇ ಕಮಾಂಡಿನಲ್ಲಿ ‘ಲಿಸ್ಟ್’ ಬದಲು ‘ಇನ್‌ಸ್ಟಾಲ್’ ಹಾಕಿ, ಕೊನೆಗೆ ಬೇಕಾದ ಸರಣಿಯ ಹೆಸರು ಕೊಡಿ. ಕಮಾಂಡಿನ ಶುರುವಿನಲ್ಲಿ, ನಿರ್ವಾಹಕರ ಅಧಿಕಾರ ಕೊಡುವ ‘ಸುಡೊ’ ಮರೆಯಬೇಡಿ. ಕಾರ್ಡಿನ ಸ್ಥಿತಿ ತೋರಿಸುವ ‘ಎನ್‌ವಿಡಿಯಾ-ಎಸ್‌ಎಂಐ’ ಕಮಾಂಡ್ ಈ ದಾರಿಯಲ್ಲಿ ತಾನಾಗಿ ಬರುವುದಿಲ್ಲ. ಅದು ‘ಎನ್‌ವಿಡಿಯಾ-ಯುಟಿಲ್ಸ್’ ಪ್ಯಾಕೇಜಿನಲ್ಲಿದೆ. ಅದನ್ನೂ ಅದೇ ಸರಣಿಯ ಸಂಖ್ಯೆಯೊಂದಿಗೆ ಹಾಕಿ. ಕಮಾಂಡ್ ಸಿಗಲಿಲ್ಲ ಅಂತ ಬಂದ ಮಾತ್ರಕ್ಕೆ ಡ್ರೈವರ್ ಕೂತಿಲ್ಲ ಅಂದುಕೊಂಡು ಎಲ್ಲವನ್ನೂ ಕಿತ್ತು ಹಾಕುವವರಿದ್ದಾರೆ. ಹಾಗೆ ಮಾಡಬೇಡಿ.

ಎನ್‌ವಿಡಿಯಾ ಸೈಟಿನ ‘ರನ್’ ಫೈಲ್ ಬೇಕಾಗುವುದು ಎಪಿಟಿಯಲ್ಲಿ ಇಲ್ಲದ ವರ್ಷನ್ ಬೇಕಾದಾಗ. ಅದಕ್ಕೆ ಮೊದಲು ಕರ್ನಲ್ ಹೆಡರ್, ಜಿಸಿಸಿ ಕಂಪೈಲರ್, ಮೇಕ್, ಡಿಕೆಎಂಎಸ್ ಇರಬೇಕು (ಹೆಡರ್, ಡಿಕೆಎಂಎಸ್ ಏನು ಅನ್ನುವುದು ಮುಂದೆ ಇದೆ). ಓಡಿಸುವಾಗ ‘--ಡಿಕೆಎಂಎಸ್’ ಸೇರಿಸಿ. ಎಡವಿದರೆ ‘ವಾರ್ ಲಾಗ್’ ಫೋಲ್ಡರ್‌ನಲ್ಲಿ ಎನ್‌ವಿಡಿಯಾ-ಇನ್‌ಸ್ಟಾಲರ್ ಹೆಸರಿನ ಲಾಗ್ ಇರುತ್ತದೆ, ಕೊನೆಯಿಂದ ಮೇಲಕ್ಕೆ ಓದಿ.

ಎರಡನ್ನೂ ಬೆರೆಸಬೇಡಿ. ಎಪಿಟಿಯಿಂದ ಹಾಕಿದ್ದರ ಮೇಲೆ ‘ರನ್’ ಫೈಲ್ ಓಡಿಸಿದರೆ ಎರಡು ವರ್ಷನ್‌ಗಳ ಲೈಬ್ರರಿ ಒಂದರ ಮೇಲೊಂದು ಕೂರುತ್ತವೆ. ಆ ಗಂಟು ಬಿಡಿಸುವುದಕ್ಕಿಂತ ಹೊಸ ಸರ್ವರ್ ಮಾಡುವುದು ಸುಲಭ.

ನೂವೋ ಅಂತ ಏನೋ ತಡೆಯುತ್ತಿದೆ. ಅದೇನು?

ನೂವೋ (nouveau) ಎನ್ನುವುದು ಲಿನಕ್ಸ್ ಜೊತೆ ಬರುವ ಮುಕ್ತ ಡ್ರೈವರ್. ಅದು ಕಾರ್ಡನ್ನು ಹಿಡಿದುಕೊಂಡಿದ್ದರೆ ಎನ್‌ವಿಡಿಯಾದ್ದು ಕೂರುವುದಿಲ್ಲ. ‘ಎಲ್‌ಎಸ್‌ಮಾಡ್’ ಪಟ್ಟಿಯಲ್ಲಿ ಅದರ ಹೆಸರಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ‘ಮಾಡ್‌ಪ್ರೋಬ್ ಡಾಟ್ ಡಿ’ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ಅದನ್ನು ಬ್ಲ್ಯಾಕ್‌ಲಿಸ್ಟ್ ಮಾಡುವ ಸಾಲು ಬರೆದು, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಟ್ಟು ರೀಬೂಟ್ ಮಾಡಿದರೆ ಮುಗಿಯಿತು.

ಡ್ರೈವರ್ ಹಾಕುತ್ತಿರುವಾಗಲೇ ನಮ್ಮ ಕಡೆ ನೆಟ್ ಹೋಯಿತು. ಈಗ ಏನು ಮಾಡಲಿ?

ಮಳೆಗಾಲದಲ್ಲಿ ಇದು ಆಗೇ ಆಗುತ್ತದೆ. ಅದಕ್ಕೆ ತಯಾರಾಗಿಯೇ ಕೂರಬೇಕು. ಬೇರೆ ಊರಿನವರ ಮಾರ್ಗದರ್ಶಿಗಳಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿದಿರುತ್ತದೆ, ನಮಗೆ ಮಾತ್ರ ಇದು ಮೊದಲ ಪಾಠ.

ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಟರ್ಮಿನಲ್ ಸಂಪರ್ಕ) ಮೂಲಕ ಒಳಗೆ ಹೋದ ಕೂಡಲೇ ಬೇರೆ ಏನೂ ಮಾಡುವ ಮೊದಲು ‘ಟಿಮಕ್ಸ್’ (tmux) ಶುರು ಮಾಡಿ. ಇಲ್ಲದಿದ್ದರೆ ಎಪಿಟಿಯಿಂದ ಹಾಕಿಕೊಳ್ಳಿ. ಟಿಮಕ್ಸ್ ಒಳಗೆ ಕೊಟ್ಟ ಕಮಾಂಡ್ ಸರ್ವರ್‌ನಲ್ಲೇ ಬದುಕಿರುತ್ತದೆ. ನಿಮ್ಮ ಲೈನ್ ಹೋದರೂ ಅದು ನಿಲ್ಲುವುದಿಲ್ಲ. ಮತ್ತೆ ನೆಟ್ ಬಂದಾಗ ಒಳಗೆ ಹೋಗಿ ‘ಟಿಮಕ್ಸ್ ಅಟ್ಯಾಚ್’ ಕೊಟ್ಟರೆ ಬಿಟ್ಟಲ್ಲಿಂದಲೇ ಕಾಣುತ್ತದೆ. ಬೇಕೆಂದೇ ಹೊರಗೆ ಬರಲು ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತಿ, ಬಿಟ್ಟು, ಡಿ ಒತ್ತಿ. ತರಬೇತಿ ಓಡಿಸುವಾಗಲೂ ಇದೇ ಅಭ್ಯಾಸ ಇರಲಿ. ರಾತ್ರಿ ಶುರು ಮಾಡಿ, ಲ್ಯಾಪ್‌ಟಾಪ್ ಮುಚ್ಚಿ ಮಲಗಬಹುದು.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇನ್ನೊಂದು ಕಾಟ ಇದೆ. ಸ್ವಲ್ಪ ಹೊತ್ತು ಟೈಪ್ ಮಾಡದಿದ್ದರೆ ಸಂಪರ್ಕ ಹೆಪ್ಪುಗಟ್ಟುತ್ತದೆ. ನಿಮ್ಮ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಸೆಟ್ಟಿಂಗ್‌ನಲ್ಲಿ ‘ಸರ್ವರ್‌ಅಲೈವ್‌ಇಂಟರ್‌ವಲ್’ 30 ಅಂತ ಇಡಿ. ಪ್ರತಿ 30 ಸೆಕೆಂಡಿಗೆ ಒಂದು ಸಣ್ಣ ಸಂದೇಶ ಹೋಗಿ ಲೈನ್ ಜೀವಂತ ಇರುತ್ತದೆ.

ಟಿಮಕ್ಸ್ ಇಲ್ಲದೆ ಮಾಡಿ, ಎಪಿಟಿ ಅರ್ಧಕ್ಕೆ ನಿಂತಿದ್ದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಲಾಕ್ ಸಿಗುತ್ತಿಲ್ಲ ಅಂತ ಬಂದರೆ ಹಿಂದೆ ಯಾವುದೋ ಅಪ್‌ಡೇಟ್ ಓಡುತ್ತಿದೆ. ಕಾಯಿರಿ. ಹೊಸ ಸರ್ವರ್ ಎದ್ದ ಮೊದಲ ಕೆಲವು ನಿಮಿಷ ಇದು ಮಾಮೂಲು. ಲಾಕ್ ಫೈಲನ್ನು ಅಳಿಸಬೇಡಿ.

ನೇರಳೆ ಬಣ್ಣದ ಪರದೆ ಬಂದು ನಿಂತುಬಿಟ್ಟಿದೆ.

ಉಬುಂಟು 22.04ರಲ್ಲಿ ಬರುತ್ತದೆ. ಯಾವ ಸೇವೆಗಳನ್ನು ಮತ್ತೆ ಶುರು ಮಾಡಲಿ ಅಂತ ಕೇಳುತ್ತಿದೆ ಅಷ್ಟೇ. ಟ್ಯಾಬ್ ಒತ್ತಿ ಓಕೆ ಮೇಲೆ ಹೋಗಿ ಎಂಟರ್ ಕೊಡಿ.

ಸರಿಯಾಗಿ ಕೂತಿದೆ ಅಂತ ಹೇಗೆ ಗೊತ್ತಾಗುತ್ತದೆ?

ರೀಬೂಟ್ ಮಾಡಿ, ‘ಎನ್‌ವಿಡಿಯಾ-ಎಸ್‌ಎಂಐ’ ಕೊಡಿ. ಕಾರ್ಡಿನ ಹೆಸರು, ಬಿಸಿ, ಮೆಮೊರಿ ಇರುವ ಚೌಕ ಬಂದರೆ ಡ್ರೈವರ್ ಕೂತಿದೆ.

ಆ ಚೌಕದ ಮೇಲೆ ಬಲಗಡೆ ಕುಡಾ ವರ್ಷನ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು ನಿಮ್ಮ ಸರ್ವರ್‌ನಲ್ಲಿ ಇರುವ ಕುಡಾ ಅಲ್ಲ. ಈ ಡ್ರೈವರ್ ಎಲ್ಲಿಯವರೆಗಿನ ಕುಡಾ ಓಡಿಸಬಲ್ಲದು ಅನ್ನುವ ಮಿತಿ. ಟೂಲ್‌ಕಿಟ್ ಹಾಕಿದ್ದರೆ ಅದರ ವರ್ಷನ್ ಹೇಳುವುದು ‘ಎನ್‌ವಿಸಿಸಿ --ವರ್ಷನ್’. ಎರಡು ಸಂಖ್ಯೆ ಬೇರೆ ಇದ್ದರೆ ತಪ್ಪೇನಿಲ್ಲ. ಪೈಟಾರ್ಚ್‌ನವರು ಪೈಥಾನ್ ಒಳಗೆ ‘ಟಾರ್ಚ್.ಕುಡಾ.ಈಸ್_ಅವೈಲಬಲ್()’ ಕೇಳಿ, ‘ಟ್ರೂ’ ಬಂದರೆ ಮುಂದಿನ ಕೆಲಸಕ್ಕೆ ಹೊರಡಿ.

ನಿನ್ನೆವರೆಗೂ ಚೆನ್ನಾಗಿತ್ತು. ಇವತ್ತು ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಅನ್ನುತ್ತಿದೆ. ನಾನು ಏನೂ ಮುಟ್ಟಿಲ್ಲ!

ನೀವು ಮುಟ್ಟಿಲ್ಲ, ಉಬುಂಟು ಮುಟ್ಟಿದೆ. ಭದ್ರತೆಯ ಅಪ್‌ಡೇಟ್‌ಗಳು ತಾವಾಗಿ ಬರುತ್ತವೆ. ಅದರಲ್ಲಿ ಹೊಸ ಕರ್ನಲ್ ಬಂದಿರುತ್ತದೆ. ಮುಂದಿನ ಸಲ ಸರ್ವರ್ ಎದ್ದಾಗ ಹೊಸ ಕರ್ನಲ್ ಮೇಲೆ ಎದ್ದಿರುತ್ತದೆ.

ಕರ್ನಲ್ ಮಾಡ್ಯೂಲ್ ಅಂದರೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಒಂದು ಕರ್ನಲ್‌ಗೆ ಹೊಲಿದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಹೆಡರ್ ಅನ್ನುವುದು ಆ ಅಳತೆ. ಕರ್ನಲ್ ಬದಲಾದಾಗಲೆಲ್ಲ ತಾನಾಗಿ ಮತ್ತೆ ಹೊಲಿಯುವ ದರ್ಜಿ ಡಿಕೆಎಂಎಸ್. ಹೊಸ ಕರ್ನಲ್ ಬಂದು ಅದರ ಹೆಡರ್ ಬರದಿದ್ದರೆ ದರ್ಜಿ ಸುಮ್ನೆ ಕೂರುತ್ತಾನೆ.

‘ಡಿಕೆಎಂಎಸ್ ಸ್ಟೇಟಸ್’ ಕೊಡಿ. ಅಲ್ಲಿ ಬರುವ ಕರ್ನಲ್ ಸಂಖ್ಯೆ ಮತ್ತು ‘ಯುನೇಮ್ -ಆರ್’ ಸಂಖ್ಯೆ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಈಗಿನ ಕರ್ನಲ್‌ನ ‘ಲಿನಕ್ಸ್-ಹೆಡರ್ಸ್’ ಪ್ಯಾಕೇಜ್ ಹಾಕಿ, ‘ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಕೊಡಿ. ಮುಂದೆ ಹೀಗಾಗದಿರಲು ಬಾಲ ಮಾತ್ರ ಇರುವ ಹೆಡರ್ ಪ್ಯಾಕೇಜ್ ಹಾಕಿಡಿ, ಉದಾಹರಣೆಗೆ ‘ಲಿನಕ್ಸ್-ಹೆಡರ್ಸ್-ಎಡಬ್ಲ್ಯುಎಸ್’. ಅದು ಪ್ರತಿ ಹೊಸ ಕರ್ನಲ್ ಜೊತೆ ಅದರ ಹೆಡರನ್ನೂ ಎಳೆದು ತರುತ್ತದೆ. ಉಬುಂಟುವೇ ಸಿದ್ಧಪಡಿಸಿದ ಮಾಡ್ಯೂಲ್ ಪ್ಯಾಕೇಜ್ ಬಳಸಿದ್ದರೆ ಡಿಕೆಎಂಎಸ್ ಪಟ್ಟಿ ಖಾಲಿ ಇರಬಹುದು. ಆಗ ‘ಲಿನಕ್ಸ್-ಮಾಡ್ಯೂಲ್ಸ್-ಎನ್‌ವಿಡಿಯಾ’ ಎಂದು ಶುರುವಾಗುವ ಪ್ಯಾಕೇಜ್ ಈಗಿನ ಕರ್ನಲ್‌ಗೆ ಬಂದಿದೆಯಾ ನೋಡಿ.

ಹೆಡರ್ ಇದ್ದೂ ಮಾಡ್ಯೂಲ್ ತಯಾರಾಗದಿದ್ದರೆ ಜಿಸಿಸಿ ಕಡೆ ನೋಡಿ. ಉಬುಂಟು 22.04ಕ್ಕೆ ಆಮೇಲೆ ಬಂದ 6.5 ಕರ್ನಲ್ ತಯಾರಾದದ್ದು ಜಿಸಿಸಿ 12ರಲ್ಲಿ. 22.04ರ ಜೊತೆ ಬರುವುದು ಜಿಸಿಸಿ 11. ಹೀಗಾಗಿ 11ಕ್ಕೆ ಗೊತ್ತಿಲ್ಲದ ಆಯ್ಕೆ ಕೇಳಿ ಅದು ನಿಲ್ಲುತ್ತದೆ. ಜಿಸಿಸಿ 12 ಹಾಕಿದರೆ ಮುಗಿಯಿತು. ಇಂಥ ವಿವರ ‘ಮೇಕ್ ಡಾಟ್ ಲಾಗ್’ ಫೈಲ್‌ನಲ್ಲಿ ಸಿಗುತ್ತದೆ.

ಅಪ್‌ಡೇಟ್ ಅನ್ನೇ ನಿಲ್ಲಿಸಬಹುದಲ್ವಾ? ‘ಎಪಿಟಿ-ಮಾರ್ಕ್ ಹೋಲ್ಡ್’ ಕೊಟ್ಟು ಕರ್ನಲ್ ಮತ್ತು ಡ್ರೈವರ್ ಎರಡನ್ನೂ ಹಿಡಿದಿಡಬಹುದು. ಒಂದು ವಾರದ ಪ್ರಾಜೆಕ್ಟ್‌ಗೆ ಸರಿ. ವರ್ಷಗಟ್ಟಲೆ ಇಂಟರ್‌ನೆಟ್‌ಗೆ ತೆರೆದಿರುವ ಸರ್ವರ್‌ಗೆ ಬೇಡ.

ಡ್ರೈವರ್ ಮತ್ತು ಲೈಬ್ರರಿ ವರ್ಷನ್ ಹೊಂದುತ್ತಿಲ್ಲ ಅಂತ ಬರುತ್ತಿದೆ.

ಇದು ಹಿಂದಿನ ತೊಂದರೆಯ ತಮ್ಮ. ಲೈಬ್ರರಿ ಅಪ್‌ಡೇಟ್ ಆಗಿದೆ, ಮೆಮೊರಿಯಲ್ಲಿ ಕೂತಿರುವ ಮಾಡ್ಯೂಲ್ ಹಳೆಯದೇ. ಓಡುತ್ತಿರುವ ಕೆಲಸ ಮುಗಿಯಲಿ, ಆಮೇಲೆ ರೀಬೂಟ್ ಮಾಡಿ.

ಕೀ ತಿರಸ್ಕರಿಸಲಾಗಿದೆ ಅನ್ನುತ್ತಿದೆ. ಯಾವ ಕೀ?

ಸೆಕ್ಯೂರ್ ಬೂಟ್ ಚಾಲೂ ಇದೆ. ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುತ್ತಿಲ್ಲ. ‘ಎಂಒಕೆಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟು ಖಚಿತ ಮಾಡಿಕೊಳ್ಳಿ. ಉಬುಂಟು ಸಿದ್ಧಪಡಿಸಿದ ಮಾಡ್ಯೂಲ್ ಪ್ಯಾಕೇಜ್‌ಗಳಿಗೆ ಸಹಿ ಇರುತ್ತದೆ, ಅವನ್ನು ಹಾಕಿದರೆ ಸಮಸ್ಯೆಯೇ ಇಲ್ಲ. ‘ರನ್’ ಫೈಲ್ ಅಥವಾ ಡಿಕೆಎಂಎಸ್ ದಾರಿಯೇ ಬೇಕು ಅಂದರೆ ಕಲಿಯುವ ಸರ್ವರ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವುದು ಸುಲಭದ ದಾರಿ. ಜನರ ಮಾಹಿತಿ ಇರುವ ಸರ್ವರ್‌ನಲ್ಲಿ ಅದನ್ನು ಆಫ್ ಮಾಡಬೇಡಿ.

ಡಾಕರ್ ಒಳಗೆ ಡ್ರೈವರ್ ಹಾಕಬೇಕಾ?

ಬೇಡ. ಡಾಕರ್ ಅಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನು ಕಂಟೇನರ್ ಎಂಬ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಸಾಧನ. ಡ್ರೈವರ್ ಸರ್ವರ್‌ನಲ್ಲಿ, ಕುಡಾ ಮತ್ತು ಉಳಿದದ್ದು ಕಂಟೇನರ್‌ನಲ್ಲಿ. ನಡುವೆ ಎನ್‌ವಿಡಿಯಾ ಕಂಟೇನರ್ ಟೂಲ್‌ಕಿಟ್ ಇರಬೇಕು. ಅದನ್ನು ಹಾಕಿ, ಡಾಕರ್‌ಗೆ ಹೊಂದಿಸಿ, ಡಾಕರ್ ಮತ್ತೆ ಶುರು ಮಾಡಿ. ಕಂಟೇನರ್ ಓಡಿಸುವಾಗ ‘--ಜಿಪಿಯುಸ್ ಆಲ್’ ಸೇರಿಸಿ.

ಕಡಿಮೆ ಬಾಡಿಗೆಗೆ ಕಾರ್ಡಿನ ಒಂದು ಪಾಲು ಸಿಗುತ್ತದಂತೆ. ಅದಕ್ಕೂ ಇದೇ ಡ್ರೈವರ್ ಆಗುತ್ತದಾ?

ಆಗುವುದಿಲ್ಲ. ಅಜೂರ್‌ನಲ್ಲಿ ಎ10 ಕಾರ್ಡಿನ ಆರನೇ ಒಂದು ಪಾಲಿನಿಂದ ಬಾಡಿಗೆಗೆ ಕೊಡುತ್ತಾರೆ. ಅಂಥದಕ್ಕೆ ಗ್ರಿಡ್ ಎಂಬ ಬೇರೆ ಬಗೆಯ ಎನ್‌ವಿಡಿಯಾ ಡ್ರೈವರ್ ಬೇಕು. ಅದನ್ನು ಆ ಕ್ಲೌಡ್‌ನವರೇ ಕೊಡುತ್ತಾರೆ. ಮಾಮೂಲಿ ಡ್ರೈವರ್ ಹಾಕಿದರೆ ಕಾರ್ಡ್ ಕಾಣುವುದಿಲ್ಲ.

ತೋಟದಲ್ಲಿ ತೆಗೆದ ಸಾವಿರಾರು ಫೋಟೋ ಇವೆ. ಅಪ್‌ಲೋಡ್ ಮಾಡಲು ಇಡೀ ದಿನ ಹೋಗುತ್ತಿದೆ, ಸರ್ವರ್ ಬಾಡಿಗೆ ಓಡುತ್ತಿದೆ.

ಕ್ರಮ ಬದಲಿಸಿ. ಎಲೆಯ ಫೋಟೋ ನೋಡುವ ಬಹಳಷ್ಟು ಮಾಡೆಲ್‌ಗಳು 224 ಪಿಕ್ಸೆಲ್ ಚೌಕಕ್ಕೆ ಚಿತ್ರವನ್ನು ಕುಗ್ಗಿಸಿಯೇ ನೋಡುತ್ತವೆ. ಫೋನಿನ ಪೂರ್ತಿ ಗಾತ್ರದ ಫೋಟೋ ಕಳಿಸುವುದು ವ್ಯರ್ಥ. ಮನೆಯಲ್ಲೇ 512ಕ್ಕೆ ಇಳಿಸಿ. ಮೂಲ ಫೋಟೋ ನಿಮ್ಮ ಹತ್ತಿರ ಇರಲಿ, ಚುಕ್ಕಿ ಬಹಳ ಸಣ್ಣದಿರುವ ಎಲೆಗಳಿಗೆ ಆಮೇಲೆ ಬೇಕಾಗಬಹುದು. ಕಳಿಸಲು ‘ಆರ್‌ಸಿಂಕ್ --ಪಾರ್ಶಿಯಲ್’ ಬಳಸಿ, ಲೈನ್ ಕಡಿದರೂ ಮೊದಲಿಂದ ಶುರುವಾಗುವುದಿಲ್ಲ.

ಇದಕ್ಕೆಲ್ಲ ಜಿಪಿಯು ಬೇಕಿಲ್ಲ. ಮೊದಲು ಅಗ್ಗದ ಸಾಮಾನ್ಯ ಸರ್ವರ್‌ನ ಡಿಸ್ಕ್‌ಗೆ ಅಥವಾ ಕ್ಲೌಡ್ ಸ್ಟೋರೇಜ್‌ಗೆ ಕಳಿಸಿ. ಎಲ್ಲ ತಲುಪಿದ ಮೇಲೆ ಜಿಪಿಯು ಸರ್ವರ್ ತೆರೆಯಿರಿ.

ಕೆಲಸ ಮುಗಿದ ಮೇಲೆ ಬಿಲ್ ನಿಲ್ಲಿಸುವುದು ಹೇಗೆ?

ಸರ್ವರ್ ಒಳಗಿನಿಂದ ಆಫ್ ಮಾಡಿಬಿಟ್ಟರೆ ಸಾಲದು. ಅಜೂರ್‌ನಲ್ಲಿ ಕನ್ಸೋಲ್‌ಗೆ (ಸರ್ವರ್ ನೋಡಿಕೊಳ್ಳುವ ವೆಬ್ ಪುಟಕ್ಕೆ) ಹೋಗಿ ನಿಲ್ಲಿಸಿ, ‘ಡಿಅಲೊಕೇಟೆಡ್’ ಅಂತ ಕಾಣುವವರೆಗೆ ಬಾಡಿಗೆ ಓಡುತ್ತದೆ. ಯಾವ ಕ್ಲೌಡ್ ಆದರೂ ಕನ್ಸೋಲ್‌ನಲ್ಲೇ ಖಚಿತ ಮಾಡಿಕೊಳ್ಳಿ. ನಿಲ್ಲಿಸಿದ ಮೇಲೂ ಡಿಸ್ಕ್‌ಗೆ ಸಣ್ಣ ಬಾಡಿಗೆ ಇರುತ್ತದೆ.

ಡ್ರೈವರ್ ಸರಿಯಾಗಿ ಕೂತ ದಿನವೇ ಆ ಡಿಸ್ಕಿನ ಇಮೇಜ್ ಉಳಿಸಿಡಿ. ಮುಂದಿನ ಸಲ ಅದರಿಂದಲೇ ಸರ್ವರ್ ಎಬ್ಬಿಸಿದರೆ ಮತ್ತೆ ಮೊದಲಿಂದ ಮಾಡಬೇಕಿಲ್ಲ. ಅಮೆಜಾನ್‌ನಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಐಪಿ ವಿಳಾಸ ಬದಲಾಗುತ್ತದೆ, ಸರ್ವರ್ ಸಿಗುತ್ತಿಲ್ಲ ಅಂತ ಗಾಬರಿ ಬೇಡ.

ಎಎಂಡಿ ಕಾರ್ಡ್ ಇದ್ದರೆ?

ದಾರಿಯೇ ಬೇರೆ. ಅದಕ್ಕೆ ಎಎಂಡಿಜಿಪಿಯು ಮಾಡ್ಯೂಲ್ ಮತ್ತು ಆರ್‌ಒಸಿಎಂ (ಕುಡಾದ ಜಾಗದಲ್ಲಿ ಎಎಂಡಿಯದ್ದು) ಬೇಕು. ಕರ್ನಲ್‌ಗೆ ಹೊಂದಬೇಕು ಅನ್ನುವ ಮಾತು ಮಾತ್ರ ಅಲ್ಲಿಗೂ ಅನ್ವಯಿಸುತ್ತದೆ.

ಎಲ್ಲ ಮಾಡಿದರೂ ಆಗಲಿಲ್ಲ. ಯಾರನ್ನಾದರೂ ಕೇಳುವಾಗ ಏನು ಕಳಿಸಲಿ?

‘ಆಗುತ್ತಿಲ್ಲ’ ಅಂತ ಮಾತ್ರ ಕಳಿಸಿದರೆ ಯಾರೂ ಸಹಾಯ ಮಾಡಲಾರರು. ಯಾವ ಕ್ಲೌಡ್, ಯಾವ ಕಾರ್ಡ್, ಉಬುಂಟು ವರ್ಷನ್ ಬರೆಯಿರಿ. ‘ಯುನೇಮ್ -ಆರ್’, ‘ಡಿಕೆಎಂಎಸ್ ಸ್ಟೇಟಸ್’ ಮತ್ತು ‘ಎನ್‌ವಿಡಿಯಾ-ಎಸ್‌ಎಂಐ’ ಏನು ಹೇಳುತ್ತವೆ ಅನ್ನುವುದನ್ನು ಹಾಗೇ ಅಂಟಿಸಿ. ‘ಡಿಎಂಇಎಸ್‌ಜಿ’ ಸಾಲುಗಳಲ್ಲಿ ‘ಎನ್‌ವಿಆರ್‌ಎಂ’ ಅಂತ ಇರುವುದನ್ನು ಸೇರಿಸಿ, ಕಾರ್ಡ್ ನಿಜವಾಗಿ ಹೇಳುವ ದೂರು ಅಲ್ಲಿರುತ್ತದೆ. ಪರದೆಯ ಫೋಟೋ ಬೇಡ, ಅಕ್ಷರ ಕಳಿಸಿ. ಐಪಿ ವಿಳಾಸ, ಪಾಸ್‌ವರ್ಡ್ ಇದ್ದರೆ ಅಳಿಸಿ. ಪ್ರೈವೇಟ್ ಕೀ ಫೈಲನ್ನು ಎಷ್ಟೇ ಆಪ್ತರು ಕೇಳಿದರೂ ಕೊಡಬೇಡಿ.